ಗ್ರಹಣಿಯೂ ರಕ್ತಾತಿಸಾರವೂ

ಕರುಳಿನ ದೀರ್ಘಕಾಲದ ಉರಿಯೂತವನ್ನು ಗ್ರಹಣಿಯೆಂದೇ ಅರ್ಥೈಸುವ ಪದ್ಧತಿಯು ಕೆಲವರಲ್ಲಿ ಉಂಟು. ಇದು ಶಾಸ್ತ್ರಸಮ್ಮತವೇ?

ಚರಕಸಂಹಿತೆಯ ಚಿಕಿತ್ಸಾಸ್ಥಾನದ 15ನೆಯ ಅಧ್ಯಾಯದಂತೆ ಗ್ರಹಣಿಯೆಂಬುದು ಮೊದಲು ಅಂಗದ ಹೆಸರು. ನಾಭಿಯ ಮೇಲಿದ್ದು ಅಪಕ್ವವಾದ ಅನ್ನವನ್ನು ಹಿಡಿದು ಪಕ್ವವಾದುದನ್ನು ಬಿಡತಕ್ಕುದು. ಅದು ಕೆಟ್ಟಲ್ಲಿ ಮಜ್ಜಿಗೆಯು ಪ್ರಶಸ್ತವೆಂದು ಹೇಳಿದೆ. ರಕ್ತಸ್ರಾವವಾದರೋ 19ನೆಯ ಅಧ್ಯಾಯದ ರಕ್ತಾತಿಸಾರಕ್ಕೆ ಸೇರಿದುದು. ಪಿತ್ತಾತಿಸಾರದವನು ಪಿತ್ತಕರವಾದುದನ್ನೇ ಉಣ್ಣುತ್ತಿದ್ದರೆ ಅದು ಹುಟ್ಟುವುದು. ಅಲ್ಲಿನ ವಿಧಿಯೇ ಬೇರೆ, ಮೇಕೆಯ ಹಾಲು, ಪಿಚ್ಛಾಬಸ್ತಿ.

1859ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ವಿಲ್ಕ್ಸನು ವರ್ಣಿಸಿದ ದೊಡ್ಡಕರುಳಿನ ವ್ರಣರೋಗಕ್ಕೆ ಲಕ್ಷಣದಿಂದ ಹತ್ತಿರವಾದುದು ಇದೇ ಹೊರತು ಗ್ರಹಣಿಯಲ್ಲ. 1932ರಲ್ಲಿ ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಓಪನ್‌ಹೈಮರ್ ಎಂಬ ಮೂವರು ಸಣ್ಣಕರುಳಿನ ಕೊನೆಯ ಭಾಗದ ಉರಿಯೂತವನ್ನು ಬೇರೊಂದು ವ್ಯಾಧಿಯಾಗಿ ನಿರೂಪಿಸಿದರು. ವಿಲ್ಕ್ಸನ ರೋಗಿಣಿಗೆ ಇದ್ದುದೂ ಕ್ರೋನನ ರೋಗವೇ ಇರಬಹುದೆಂದು ಈಚಿನವರ ಊಹೆ. ನಾಮಕರಣದ ತೊಡಕು ಪಾಶ್ಚಾತ್ಯರನ್ನೂ ಬಿಡಲಿಲ್ಲ.

ಆದುದರಿಂದ ಸುಮಾರು 1150ರ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೇ ಮೊದಲಾದ ಕನ್ನಡ ವೈದ್ಯಗ್ರಂಥಗಳಿಗೆ ಪದಕೋಶ ಬರೆಯುವವರು ಈ ಎರಡು ಶಬ್ದಗಳನ್ನು ಬೆರೆಸುವುದು ಸಾಧುವಲ್ಲ. ಇದು ಬರಿಯ ಶಬ್ದವಿಚಾರವೆನ್ನುವಂತಿಲ್ಲ. ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಲ್ಲಿ ಒಬ್ಬನಿಗೆ ಮಲದೊಡನೆ ರಕ್ತವು ಬೀಳುತ್ತಿದೆಯೆನ್ನೋಣ. ಗ್ರಹಣಿಯೆಂಬ ಹೆಸರನ್ನು ನಂಬಿ ಅವನು ಮಜ್ಜಿಗೆ ಕುಡಿಯುತ್ತ ಕುಳಿತರೆ, ಕೊಲೊನೋಸ್ಕೋಪಿ ಮಾಡಿ ಕರುಳಿನ ತುಣುಕನ್ನು ಪರೀಕ್ಷಿಸಬಲ್ಲ ಬೆಂಗಳೂರಿನ ಜೀರ್ಣಾಂಗತಜ್ಞನ ಬಳಿಗೆ ಹೋಗುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ.