ರಕ್ತವಿಲ್ಲದ ಒಂದು ಹಿಡಿ ಹಿಟ್ಟು: ಯಾಜಕಕಾಂಡವನ್ನು ಕ್ರೈಸ್ತರು ಓದಿಕೊಂಡು ಬಂದ ಬಗೆ

ಯಾಜಕಕಾಂಡದ ಐದನೆಯ ಅಧ್ಯಾಯದಲ್ಲಿ ಒಬ್ಬ ಕಡುಬಡವ ಬರುತ್ತಾನೆ. ತಪ್ಪಾಗಿದೆ, ಪರಿಹಾರ ಬೇಕು. ಕುರಿ ತರುವ ಶಕ್ತಿ ಅವನಿಗಿಲ್ಲ, ಎರಡು ಬೆಳವಕ್ಕಿಗೂ ಗತಿಯಿಲ್ಲ. ಅಂಥವನು ಏಫಾ ಎಂಬ ಅಳತೆಯ ಹತ್ತನೆಯ ಒಂದು ಪಾಲು, ಅಂದರೆ ಸುಮಾರು ಎರಡು ಲೀಟರಿನಷ್ಟು ಗೋದಿಹಿಟ್ಟು ತಂದರೆ ಸಾಕು ಎನ್ನುತ್ತದೆ ಕಟ್ಟಳೆ. ಎಣ್ಣೆ ಹೊಯ್ಯುವಂತಿಲ್ಲ, ಧೂಪ ಇಡುವಂತಿಲ್ಲ. ಯಾಜಕ ಅದರಲ್ಲಿ ಒಂದು ಹಿಡಿ ತೆಗೆದು ಯಜ್ಞವೇದಿಯ ಬೆಂಕಿಗೆ ಹಾಕುತ್ತಾನೆ. ಮಿಕ್ಕದ್ದು ಅವನ ಪಾಲು. ಕತ್ತಿಯಿಲ್ಲ, ರಕ್ತವಿಲ್ಲ. ಆದರೂ ಅದು ದೋಷಪರಿಹಾರಕ ಯಜ್ಞವೇ, ಆ ಬಡವನಿಗೆ ಸಿಗುವುದು ಪೂರ್ತಿ ಕ್ಷಮೆಯೇ.

ರಕ್ತ ಸುರಿಯದೆ ಕ್ಷಮೆಯಿಲ್ಲ ಎಂಬುದನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ಕ್ರೈಸ್ತ ಓದುಗರನ್ನು ಈ ಹಿಟ್ಟು ತಡೆದು ನಿಲ್ಲಿಸಬೇಕು. ಇಸ್ರಾಯೇಲರ ಯಜ್ಞದ ಅರ್ಥ ಎಲ್ಲಿದೆ? ಕೊಲ್ಲುವುದರಲ್ಲೋ, ರಕ್ತದಲ್ಲೋ, ಸುಡುವುದರಲ್ಲೋ, ಕೂಡಿ ಉಣ್ಣುವುದರಲ್ಲೋ? ಹತ್ತೊಂಬತ್ತು ಶತಮಾನಗಳ ವ್ಯಾಖ್ಯಾನ ಈ ನಾಲ್ಕು ಮೂಲೆಗಳ ನಡುವೆ ಓಡಾಡಿದೆ.

ಮೊದಲು ವಿಧಿಯನ್ನು ಹತ್ತಿರದಿಂದ ನೋಡೋಣ. ಸರ್ವಾಂಗಹೋಮ, ಧಾನ್ಯನೈವೇದ್ಯ, ಸಮಾಧಾನಯಜ್ಞ, ದೋಷಪರಿಹಾರಕ ಯಜ್ಞ, ಪ್ರಾಯಶ್ಚಿತ್ತಯಜ್ಞ ಎಂದು ಐದು ಬಗೆ. ಪಶುವನ್ನು ತಂದವನು ಅದರ ತಲೆಯ ಮೇಲೆ ಕೈಯಿಡುತ್ತಾನೆ. ಕೊಯ್ಯುವವನೂ ಅವನೇ. ಯಾಜಕನ ಕೆಲಸ ಶುರುವಾಗುವುದು ರಕ್ತವನ್ನು ಹಿಡಿದು ವೇದಿಗೆ ಎರಚುವಾಗ. ಹಾಗಾದರೆ ಕೊಲ್ಲುವುದು ಯಾಜಕನಿಗೇ ಮೀಸಲಾದ ಕೆಲಸವಾಗಿರಲಿಲ್ಲ. ಸಮಾಧಾನಯಜ್ಞದಲ್ಲಿ ಕೊಬ್ಬು ಬೆಂಕಿಗೆ, ಎದೆಯ ಭಾಗ ಮತ್ತು ಬಲತೊಡೆ ಯಾಜಕರಿಗೆ, ಉಳಿದ ಮಾಂಸ ತಂದವನ ಮನೆಮಂದಿಗೆ ಊಟ. ಧಾನ್ಯನೈವೇದ್ಯದಲ್ಲಿ ಹುಳಿಹಿಟ್ಟಿಗೂ ಜೇನಿಗೂ ಜಾಗವಿಲ್ಲ, ಉಪ್ಪು ಮಾತ್ರ ಇರಲೇಬೇಕು.

ಕ್ರಿ.ಶ. 70ರಲ್ಲಿ ರೋಮನ್ ಸೇನೆ ಯೆರೂಸಲೇಮಿನ ದೇವಾಲಯವನ್ನು ಸುಟ್ಟಿತು. ಯಜ್ಞ ನಿಂತಿತು. ಯೆಹೂದ್ಯರ ರಬ್ಬಿಗಳು ಪ್ರಾರ್ಥನೆ, ಅಧ್ಯಯನ, ದಾನಗಳ ದಾರಿ ಹಿಡಿದರು. ಯಜ್ಞದ ಕಟ್ಟಳೆಗಳನ್ನು ಓದುವುದನ್ನು ಮಾತ್ರ ಅವರು ಬಿಡಲಿಲ್ಲ. ಕ್ರೈಸ್ತರ ಓದಿಗೆ ತಳಹದಿ ಹಾಕಿದ್ದು ಇಬ್ರಿಯರಿಗೆ ಬರೆದ ಪತ್ರಿಕೆ. ಬರೆದವರು ಯಾರೆಂಬುದು ದೇವರಿಗೇ ಗೊತ್ತು ಎಂದು ಮೂರನೆಯ ಶತಮಾನದಲ್ಲೇ ಓರಿಗನ್ ಕೈಚೆಲ್ಲಿದ್ದ. ಯೇಸು ಹುಟ್ಟಿದ್ದು ಯೆಹೂದ ಕುಲದಲ್ಲಿ, ಯಾಜಕತ್ವ ಲೇವಿ ಕುಲದ್ದು. ಈ ಗಂಟನ್ನು ಬಿಡಿಸಲು ಪತ್ರಿಕೆ ಆರೋನನಿಗಿಂತ ಹಿಂದೆ ಹೋಗಿ, ಆದಿಕಾಂಡದಲ್ಲಿ ಅಬ್ರಹಾಮನನ್ನು ಹರಸುವ ಮೆಲ್ಕೀಚೆದೇಕನನ್ನು ಹುಡುಕಿ ತರುತ್ತದೆ. ಮಹಾಯಾಜಕ ವರ್ಷಕ್ಕೊಮ್ಮೆ ಪರದೆ ದಾಟಿ ಒಳಗೆ ಹೋಗುತ್ತಿದ್ದ ದೋಷಪರಿಹಾರಕ ದಿನದ ಚಿತ್ರವೇ ಅದರ ನಡುಗಂಬ.

ಓರಿಗನ್ ಕೈಸರೈಯದಲ್ಲಿ ಯಾಜಕಕಾಂಡದ ಮೇಲೆ ಮಾಡಿದ ಪ್ರಸಂಗಗಳಲ್ಲಿ 16 ಉಳಿದಿವೆ. ಮೂಲದ ಗ್ರೀಕ್ ಹೆಚ್ಚಾಗಿ ಕಳೆದುಹೋಗಿ, ರೂಫಿನಸ್ ಮಾಡಿದ ಲ್ಯಾಟಿನ್ ಅನುವಾದ ಮಾತ್ರ ನಮಗೆ ದಕ್ಕಿದೆ. ಸರ್ವಾಂಗಹೋಮದ ಪಶುವಿನ ಚರ್ಮ ಸುಲಿಯುವುದೆಂದರೆ ಅಕ್ಷರದ ಹೊದಿಕೆ ತೆಗೆದು ಒಳಗಿನ ಅರ್ಥ ಕಾಣುವುದು ಎಂದ ಆತ. ಈ ಓದಿನ ಸೊಗಸು ನನ್ನನ್ನು ಇಂದಿಗೂ ಸೆಳೆಯುತ್ತದೆ. ಆದರೆ ಸುಲಿದ ಚರ್ಮ ಯಾಜಕನಿಗೆ ಸೇರುತ್ತಿತ್ತು, ಅದು ಅವನ ಜೀವನೋಪಾಯ ಎಂಬ ಸಾದಾ ಸಂಗತಿ ಈ ಸೊಗಸಿನಲ್ಲಿ ಮುಚ್ಚಿಹೋಯಿತು. ಮುಂದಿನ ಸಾವಿರ ವರ್ಷ ಯಾಜಕಕಾಂಡವೆಂದರೆ ನೆರಳು, ಕ್ರಿಸ್ತನೇ ನಿಜರೂಪ ಎಂಬ ಓದು ಗಟ್ಟಿಯಾದಂತೆ, ನೆರಳಿಗೂ ಒಂದು ಬದುಕಿತ್ತು ಎಂಬುದನ್ನು ಹೆಚ್ಚಿನವರು ಮರೆತರು. ಮರೆಯದವರಲ್ಲಿ ಥಾಮಸ್ ಅಕ್ವಿನಾಸ್ ದೊಡ್ಡವನು. ಯೆಹೂದ್ಯ ಪಂಡಿತ ಮೈಮೊನಿಡೀಸನನ್ನು ಓದಿಕೊಂಡಿದ್ದ ಆತ, ಈ ವಿಧಿಗಳಿಗೆ ಕ್ರಿಸ್ತನನ್ನು ಸೂಚಿಸುವ ಕಾರಣದ ಜೊತೆಗೆ ಆ ಕಾಲದ ಆರಾಧನೆಗೆ ಬೇಕಾಗಿದ್ದ ನೇರ ಕಾರಣವೂ ಉಂಟು ಎಂದು ಎರಡನ್ನೂ ಬಿಡಿಸಿಟ್ಟ.

ಯಾಜಕತ್ವದ ಪ್ರಶ್ನೆ ಬೇರೆ ಹಾದಿಯಲ್ಲಿ ಬೆಳೆಯಿತು. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಸಭೆಯ ಹಿರಿಯನಿಗೆ ಒಂದು ಪದ, ಯಜ್ಞ ಮಾಡುವ ಯಾಜಕನಿಗೆ ಇನ್ನೊಂದು. ಎರಡನೆಯದನ್ನು ಕ್ರಿಸ್ತನಿಗೂ ಇಡೀ ವಿಶ್ವಾಸಿ ಜನಕ್ಕೂ ಬಳಸಿದೆಯೇ ಹೊರತು ಸಭೆಯ ಯಾವ ಅಧಿಕಾರಿಗೂ ಬಳಸಿಲ್ಲ. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಿಪ್ರಿಯನ್ ಬಿಷಪರನ್ನೇ ಯಾಜಕರೆಂದು ಕರೆದು, ಪ್ರಭುಭೋಜನದ ಪಾತ್ರೆಯನ್ನು ಯಜ್ಞದ ಭಾಷೆಯಲ್ಲಿ ವಿವರಿಸಿದ. 1520ರಲ್ಲಿ ಮಾರ್ಟಿನ್ ಲೂಥರ್ ದೀಕ್ಷಾಸ್ನಾನ ಪಡೆದ ಎಲ್ಲರೂ ಯಾಜಕರೇ ಎಂದು ಬರೆದ. 1562ರಲ್ಲಿ ಟ್ರೆಂಟ್ ಪರಿಷತ್ತು ಪೂಜೆ ನಿಜವಾದ ಯಜ್ಞವೇ ಎಂದು ಸಾರಿತು. ನಾನೂರು ವರ್ಷಗಳ ಮೇಲೆ, 1964ರಲ್ಲಿ, ಎರಡನೆಯ ವ್ಯಾಟಿಕನ್ ಪರಿಷತ್ತು ಎಲ್ಲರ ಯಾಜಕತ್ವವನ್ನು ಒತ್ತಿ ಹೇಳಿ, ಅಭಿಷಿಕ್ತರ ಯಾಜಕತ್ವ ಅದಕ್ಕಿಂತ ಮೂಲತಃ ಬೇರೆ ಎಂದೂ ಸೇರಿಸಿತು. ಕ್ಯಾಥೊಲಿಕ್ ಕನ್ನಡಿಗರು ‘ಬಲಿಪೂಜೆ’ ಎನ್ನುವುದನ್ನು ಪ್ರಾಟೆಸ್ಟೆಂಟ್ ಕನ್ನಡಿಗರು ‘ಕರ್ತನ ಭೋಜನ’ ಎನ್ನುತ್ತಾರೆ; ಒಬ್ಬರಿಗೆ ‘ಗುರುಗಳು’, ಇನ್ನೊಬ್ಬರಿಗೆ ‘ಸಭಾಪಾಲಕರು’. ಆ ಹಳೆಯ ವಾದ ನಮ್ಮ ಮಾತಿನಲ್ಲಿ ಇನ್ನೂ ಹಾಗೇ ಇದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇತಿಹಾಸದ ಪ್ರಶ್ನೆಗಳು ಎದ್ದವು. ಯಾಜಕರ ಕಟ್ಟಳೆಗಳು ಮೋಶೆಯ ಕಾಲದವಲ್ಲ, ಬಾಬೆಲಿನ ಸೆರೆಯ ನಂತರದವು ಎಂದು ಯೂಲಿಯಸ್ ವೆಲ್‌ಹೌಸನ್ 1878ರಲ್ಲಿ ವಾದಿಸಿದ. ಕಾಲನಿರ್ಣಯದ ಚರ್ಚೆ ಒಂದು ಕಡೆಗಿರಲಿ. ಪ್ರವಾದಿಗಳದು ಜೀವಂತ ಧರ್ಮ, ಯಾಜಕರದು ಒಣ ವಿಧಿ ಎಂಬ ಅವನ ತಕ್ಕಡಿ ಪ್ರಾಟೆಸ್ಟೆಂಟ್ ಪೂರ್ವಗ್ರಹದಿಂದ ವಾಲಿತ್ತು, ಯೆಹೂದ್ಯರಿಗೆ ಅದು ಅನ್ಯಾಯ ಮಾಡಿತು. ಇಂಥದೇ ಸಂಶೋಧನೆಗಾಗಿ 1881ರಲ್ಲಿ ಕೆಲಸ ಕಳೆದುಕೊಂಡ ಸ್ಕಾಟ್ಲೆಂಡಿನ ರಾಬರ್ಟ್‌ಸನ್ ಸ್ಮಿತ್, 1889ರಲ್ಲಿ ಯಜ್ಞದ ಮೂಲ ದೇವರೊಡನೆ ಕೂಡಿ ಉಣ್ಣುವುದರಲ್ಲಿದೆ ಎಂದ. ಹತ್ತೇ ವರ್ಷದೊಳಗೆ ಫ್ರಾನ್ಸಿನ ಆಂರಿ ಯೂಬೆರ್ ಮತ್ತು ಮಾರ್ಸೆಲ್ ಮೋಸ್, ವೇದದ ಪಶುಯಾಗವನ್ನೂ ಯಾಜಕಕಾಂಡವನ್ನೂ ಅಕ್ಕಪಕ್ಕ ಇಟ್ಟು ಯಜ್ಞದ ಸಾಮಾನ್ಯ ರಚನೆ ಯಾವುದೆಂದು ಹುಡುಕಿದರು. ಯಜ್ಞ, ಹೋಮ, ನೈವೇದ್ಯ ಎಂದು ವೈದಿಕ ಪದಗಳಲ್ಲೇ ಯಾಜಕಕಾಂಡ ಓದುವ ನಮಗೆ ಆ ಹೋಲಿಕೆ ಮನೆಯ ಮಾತಿನಂತೆ ಕೇಳಿಸುತ್ತದೆ.

ಇದೇ ಶತಮಾನದಲ್ಲಿ ಭಕ್ತರ ಓದು ಬೇರೆಯಾಗಿಯೇ ಸಾಗಿತ್ತು. 1847ರ ಆಂಡ್ರೂ ಜೂಕ್ಸನ ಪುಸ್ತಕ ಐದು ಯಜ್ಞಗಳಲ್ಲೂ ಕ್ರಿಸ್ತನ ಐದು ಮುಖಗಳನ್ನು ಕಂಡಿತು. ಇಂಥ ಓದನ್ನು ಪಂಡಿತರು ಹಗುರಾಗಿ ಕಂಡರೂ, ಯಾಜಕಕಾಂಡವನ್ನು ಪ್ರೀತಿಯಿಂದ ಸಾಲುಸಾಲಾಗಿ ಓದುವ ಅಭ್ಯಾಸವನ್ನು ಉಳಿಸಿದ್ದು ಅದೇ.

ನಿಜವಾದ ತಿರುವು 1966ರದು. ಆ ವರ್ಷದ ತಮ್ಮ ಪುಸ್ತಕದಲ್ಲಿ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ ಮಡಿ ಮೈಲಿಗೆಗಳು ಮೂಢಾಚಾರವಲ್ಲ, ಒಂದು ಸಮಾಜ ಲೋಕವನ್ನು ಅಚ್ಚುಕಟ್ಟಾಗಿ ಕಾಣುವ ಕ್ರಮ ಎಂದು ತೋರಿಸಿದರು. ಆ ಪುಸ್ತಕದಲ್ಲಿ ಕರ್ನಾಟಕವೂ ಇದೆ: ಎಂ.ಎನ್. ಶ್ರೀನಿವಾಸರು 1952ರಲ್ಲಿ ಪ್ರಕಟಿಸಿದ ಕೊಡವರ ಅಧ್ಯಯನ, ಎಡ್ವರ್ಡ್ ಹಾರ್ಪರ್ ಬರೆದ ಮಲೆನಾಡಿನ ಹವ್ಯಕರ ಮಡಿಯ ವಿವರ. ಆದರೆ ಒಂದು ವ್ಯತ್ಯಾಸವನ್ನು ನಾವು ಕೈಬಿಡಬಾರದು. ಯಾಜಕಕಾಂಡದ ಮೈಲಿಗೆ ಹುಟ್ಟಿನ ಜಾತಿಗೆ ಅಂಟಿದ್ದಲ್ಲ. ಹೆರಿಗೆ, ಸಾವು, ರೋಗಗಳ ಜೊತೆ ಯಾರಿಗೂ ಬರುತ್ತದೆ, ಶುದ್ಧಿಯ ವಿಧಿಯಿಂದ ಹೋಗುತ್ತದೆ. ಡಗ್ಲಸ್ ಮುಂದೆ 1999ರ ಪುಸ್ತಕದಲ್ಲಿ ತಮ್ಮ ಹಳೆಯ ತೀರ್ಮಾನಗಳಲ್ಲಿ ಕೆಲವನ್ನು ತಾವೇ ತಿದ್ದಿಕೊಂಡರು.

ಯಾಕೋಬ್ ಮಿಲ್‌ಗ್ರೋಮ್ ಯೆಹೂದ್ಯ ರಬ್ಬಿ. ಈ ಕ್ಷೇತ್ರದಲ್ಲಿ ಅವರಷ್ಟು ಆಳಕ್ಕೆ ಇಳಿದವರು ನನಗೆ ಕಾಣುವುದಿಲ್ಲ. ಅವರು ಕೇಳಿದ್ದು ಸರಳ ಪ್ರಶ್ನೆ: ದೋಷಪರಿಹಾರಕ ಯಜ್ಞದ ರಕ್ತವನ್ನು ಹಚ್ಚುವುದು ಎಲ್ಲಿಗೆ? ತಪ್ಪು ಮಾಡಿದವನಿಗಲ್ಲ, ವೇದಿಯ ಕೊಂಬುಗಳಿಗೆ. ಹಾಗಾದರೆ ಶುದ್ಧವಾಗುವುದು ದೇವರ ಮನೆ. ಒಬ್ಬ ಸಾಮಾನ್ಯನ ಅರಿಯದ ತಪ್ಪಿನ ಕೊಳೆ ಅಂಗಳದ ವೇದಿಯ ಮೇಲೆ ಕೂರುತ್ತದೆ. ಮಹಾಯಾಜಕನ ಅಥವಾ ಇಡೀ ಸಮೂಹದ ತಪ್ಪಿನದು ಒಳಗಿನ ಧೂಪವೇದಿಯವರೆಗೆ ಹೋಗುತ್ತದೆ. ಸೊಕ್ಕಿನ ಪಾಪದ್ದು ಪರದೆ ದಾಟಿ ಮಹಾಪವಿತ್ರಸ್ಥಾನಕ್ಕೇ ಮುಟ್ಟುತ್ತದೆ, ಅದನ್ನು ವರ್ಷಕ್ಕೊಮ್ಮೆ ತೊಳೆಯಬೇಕು. ಕೊಳೆ ತುಂಬಿದರೆ ದೇವರು ಮನೆ ಬಿಟ್ಟು ಹೋಗುತ್ತಾನೆ. 1976ರ ಲೇಖನದಲ್ಲಿ ಅವರು ಆಸ್ಕರ್ ವೈಲ್ಡ್‌ನ ಕಾದಂಬರಿಯನ್ನು ನೆನೆದರು: ಡೋರಿಯನ್ ಗ್ರೇ ಮಾಡಿದ ಪಾಪ ಅವನ ಮುಖದಲ್ಲಿ ಕಾಣದು, ಮುಚ್ಚಿಟ್ಟ ಪಟದಲ್ಲಿ ಕಾಣುತ್ತದೆ. ಬಾಣಂತಿಯೂ ಈ ಯಜ್ಞವನ್ನು ತರಬೇಕಿತ್ತು, ಹೆರುವುದು ಪಾಪವಲ್ಲವಲ್ಲ. ಹಾಗಾಗಿ ‘ಪಾಪ’ದ ಯಜ್ಞ ಎನ್ನುವುದೇ ತಪ್ಪು, ಶುದ್ಧಿಯ ಯಜ್ಞ ಎನ್ನಿ ಎಂದರು ಅವರು. ಕನ್ನಡ ಬೈಬಲಿನ ‘ದೋಷ’ ಇಂಗ್ಲಿಷಿನ ಪಾಪಕ್ಕಿಂತ ಇದಕ್ಕೆ ಹತ್ತಿರವಾಗಿದೆ, ಆ ಬಗ್ಗೆ ನಮ್ಮ ಅನುವಾದಕರಿಗೆ ನನ್ನ ಕೃತಜ್ಞತೆ. 1991ರಿಂದ 2001ರವರೆಗೆ ಮೂರು ಸಂಪುಟಗಳಲ್ಲಿ ಬಂದ ಅವರ ವ್ಯಾಖ್ಯಾನವನ್ನು ಕ್ರೈಸ್ತ ವಿದ್ವಾಂಸರೂ ಮೇಜಿನ ಮೇಲಿಟ್ಟುಕೊಂಡೇ ಬರೆಯುತ್ತಾರೆ. ವರ್ಷವಿಡೀ ನಡೆಯುವ ಯಜ್ಞ ಮನುಷ್ಯನನ್ನೇ ಶುದ್ಧಿ ಮಾಡುತ್ತದೆ ಎಂದು ರಾಯ್ ಗೇನ್ 2005ರಲ್ಲಿ ಎದುರುವಾದ ಹೂಡಿದರು.

ಒಂದು ವಿವರವನ್ನು ಹೇಳದೆ ಮುಂದೆ ಹೋಗಲಾರೆ. ಆರೋನನನ್ನು ಯಾಜಕನಾಗಿ ಪ್ರತಿಷ್ಠಿಸುವಾಗ ರಕ್ತವನ್ನು ಅವನ ಬಲಗಿವಿಯ ತುದಿಗೆ, ಬಲಗೈಯ ಹೆಬ್ಬೆರಳಿಗೆ, ಬಲಗಾಲಿನ ಹೆಬ್ಬೆರಳಿಗೆ ಹಚ್ಚುತ್ತಾರೆ. ಆರು ಅಧ್ಯಾಯ ದಾಟಿದರೆ ಅದೇ ಮೂರು ಜಾಗಗಳಿಗೆ ರಕ್ತ ಹಚ್ಚಿಸಿಕೊಳ್ಳುವ ಇನ್ನೊಬ್ಬನಿದ್ದಾನೆ: ವಾಸಿಯಾಗಿ ಪಾಳೆಯಕ್ಕೆ ಮರಳಿ ಬರುವ ಕುಷ್ಠರೋಗಿ. ಅತ್ಯಂತ ಒಳಗಿನವನಿಗೂ ಅತ್ಯಂತ ಹೊರಗಿನವನಿಗೂ ಒಂದೇ ಗುರುತು.

ಪಾಪಕ್ಕೆ ಪ್ರತಿಯಾಗಿ ಪಶುವಿಗೆ ಶಿಕ್ಷೆ ಎಂಬ ಓದು ಮಿಲ್‌ಗ್ರೋಮರಿಂದ ಸಡಿಲಗೊಂಡಿತು. ಅದಕ್ಕೂ ಮುಂಚೆ, 1930ರ ದಶಕದಲ್ಲೇ, ಸಿ.ಎಚ್. ಡಾಡ್ ಹೊಸ ಒಡಂಬಡಿಕೆಯ ಪರಿಹಾರದ ಪದಕ್ಕೆ ದೋಷ ಅಳಿಸುವುದೆಂಬ ಅರ್ಥ ಕೊಟ್ಟಿದ್ದರು. ದೇವರ ಕೋಪ ತಣಿಸುವ ಅರ್ಥವನ್ನು ಬಿಡಲಾಗದು ಎಂದು 1955ರಲ್ಲಿ ಲಿಯನ್ ಮಾರಿಸ್ ಉತ್ತರಿಸಿದ್ದರು. ಆ ಜಗಳ ಮುಗಿದಿಲ್ಲ. 1972ರಲ್ಲಿ ರೆನೆ ಜಿರಾರ್ ಯಜ್ಞದ ಬೇರು ಹಿಂಸೆಯಲ್ಲಿದೆ ಎಂದರು. ಪ್ರಭಾವ ದೊಡ್ಡದಾದರೂ, ಹಿಟ್ಟು, ಎಣ್ಣೆ, ಉಪ್ಪುಗಳಿಗೆ ಅಲ್ಲಿ ಉತ್ತರ ಸಿಗುವುದಿಲ್ಲ. ಕೊಲ್ಲುವುದಕ್ಕಿಂತ ವೇದಿಯ ಮೇಲೆ ಸುಡುವುದೇ ಐದು ಯಜ್ಞಗಳಿಗೂ ಸಮಾನವಾದ ಅಂಗ ಎಂಬ ಕ್ರಿಸ್ಟಿಯನ್ ಎಬರ್‌ಹಾರ್ಟರ ವಾದ ನನಗೆ ಹೆಚ್ಚು ಒಪ್ಪಿತ. ಯಜ್ಞವನ್ನು ಮನುಕುಲದ ಬಾಲಿಶ ಹಂತವೆಂದು ನೋಡುವ ಪಂಡಿತರನ್ನೂ, ಕ್ರಿಸ್ತನನ್ನು ಎತ್ತಲು ದೇವಾಲಯವನ್ನು ತುಳಿಯುವ ಓದನ್ನೂ ಜೊನಾಥನ್ ಕ್ಲಾವನ್ಸ್ 2006ರಲ್ಲಿ ಒಟ್ಟಿಗೆ ಪ್ರಶ್ನಿಸಿದರು.

ಈಗಿನ ಬಿಸಿ ಚರ್ಚೆ ಮತ್ತೆ ಇಬ್ರಿಯರ ಪತ್ರಿಕೆಯದೇ. ದೋಷಪರಿಹಾರಕ ದಿನದಲ್ಲಿ ಹೋತವನ್ನು ಕೊಯ್ಯುವುದು ಹೊರಗೆ, ರಕ್ತವನ್ನು ಅರ್ಪಿಸುವುದು ಒಳಗೆ. ಹಾಗೆಯೇ ಶಿಲುಬೆಯಲ್ಲಿ ನಡೆದದ್ದು ಮರಣ. ಪುನರುತ್ಥಾನ ಹೊಂದಿದ ಕ್ರಿಸ್ತನು ಪರಲೋಕದ ಗುಡಾರಕ್ಕೆ ಹೋಗಿ ತನ್ನ ಜೀವವನ್ನು ಒಪ್ಪಿಸಿದ್ದೇ ಅರ್ಪಣೆ ಎಂದು ಡೇವಿಡ್ ಮಾಫಿಟ್ 2011ರಲ್ಲಿ ವಾದಿಸಿದರು. ರಕ್ತದಲ್ಲಿ ಪ್ರಾಣವಿದೆ ಎಂಬ ಯಾಜಕಕಾಂಡದ ಹದಿನೇಳನೆಯ ಅಧ್ಯಾಯ ಅವರ ಬೆನ್ನಿಗಿದೆ. ಇದರಿಂದ ಶಿಲುಬೆಯ ತೂಕ ಇಳಿಯುತ್ತದೆ ಎಂದು ಹೇಳಿ ಹಲವರು ಈ ವಾದವನ್ನು ಒಪ್ಪುತ್ತಿಲ್ಲ.

ರಕ್ತವಿಲ್ಲದೆ ಕ್ಷಮೆಯಿಲ್ಲ ಎಂದದ್ದೂ ಇದೇ ಪತ್ರಿಕೆ, ಒಂಬತ್ತನೆಯ ಅಧ್ಯಾಯದ 22ನೆಯ ವಚನದಲ್ಲಿ. ಆದರೆ ಧರ್ಮಶಾಸ್ತ್ರದ ಪ್ರಕಾರ ಎಲ್ಲವೂ ರಕ್ತದಿಂದಲೇ ಶುದ್ಧವಾಗುತ್ತದೆ ಎಂದು ಆರಂಭಿಸುವಾಗ ಬರೆದವರು ಒಂದು ಸಣ್ಣ ಗ್ರೀಕ್ ಪದ ಸೇರಿಸಿದ್ದಾರೆ: ‘ಸ್ಖೆದೋನ್’, ಅಂದರೆ ‘ಬಹುಮಟ್ಟಿಗೆ’. ಎರಡು ಲೀಟರ್ ಹಿಟ್ಟು ಹೊತ್ತು ಬಂದ ಆ ಬಡವನಿಗೆ ಬಿಟ್ಟ ಜಾಗ ಅದು.