ನೌಕರರ ಆರೋಗ್ಯ ವಿಮೆ ಮತ್ತು ಕುಟುಂಬ: ಭಾರತ ಹಾಗೂ ಕರ್ನಾಟಕದಲ್ಲಿ ಬೆಳೆದುಬಂದ ಬಗೆ

ಭಾರತದಲ್ಲಿ ನೌಕರರ ಆರೋಗ್ಯ ವಿಮೆಯ ಚರಿತ್ರೆಯನ್ನು ಸಾಮಾನ್ಯವಾಗಿ ಮೂರು ಘಟ್ಟಗಳಲ್ಲಿ ಹೇಳಲಾಗುತ್ತದೆ: 1948ರ ನೌಕರರ ರಾಜ್ಯ ವಿಮಾ (ಇಎಸ್‌ಐ) ಕಾಯಿದೆ, 1986ರ ಮೆಡಿಕ್ಲೈಮ್ ಪಾಲಿಸಿ, 2000ದ ಸುಮಾರಿಗೆ ಖಾಸಗಿ ಕಂಪನಿಗಳ ಪ್ರವೇಶ. ಈ ಲೆಕ್ಕ ತಪ್ಪಲ್ಲ, ಆದರೆ ಇದರಲ್ಲಿ ಕಾಣುವುದು ಸಂಬಳ ಪಡೆಯುವವನು ಇಲ್ಲವೇ ಪಡೆಯುವವಳು ಮಾತ್ರ. ಅವನ ಹೆಂಡತಿ, ಅವಳ ಗಂಡ, ಮಕ್ಕಳು, ವಯಸ್ಸಾದ ತಂದೆತಾಯಿ ಯಾವಾಗ, ಯಾವ ಷರತ್ತಿನ ಮೇಲೆ ಈ ರಕ್ಷಣೆಯೊಳಗೆ ಬಂದರು ಎಂಬುದು ಹೆಚ್ಚಿನ ಬರಹಗಳಲ್ಲಿ ಮಸುಕಾಗಿಯೇ ಉಳಿದಿದೆ. ಕಾಯಿದೆಯ ಪಠ್ಯವನ್ನೂ ಆಚರಣೆಯನ್ನೂ ಜೊತೆಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನೌಕರನ ಚಿಕಿತ್ಸೆ ಮೊದಲಿನಿಂದಲೂ ಹಕ್ಕಾಗಿತ್ತು. ಕುಟುಂಬದ ಚಿಕಿತ್ಸೆ ಮಾತ್ರ ಬಹುಕಾಲ ಇನ್ನೊಬ್ಬರ ವಿವೇಚನೆಗೆ ಬಿಟ್ಟದ್ದಾಗಿತ್ತು, ಹಲವೆಡೆ ಈಗಲೂ ಹಾಗೆಯೇ ಇದೆ.

ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ರೂಪಿಸುವ ಹೊಣೆ 1943ರಲ್ಲಿ ಬಿ.ಪಿ. ಅಡಾರ್ಕರ್ ಅವರ ಪಾಲಿಗೆ ಬಂತು. 1944ರಲ್ಲಿ ಅವರು ವರದಿ ಕೊಟ್ಟರು. ಅದರ ತಳಹದಿಯ ಮೇಲೆ ರೂಪುಗೊಂಡ ಇಎಸ್‌ಐ ಯೋಜನೆ 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾಯಿತು. ಅಂದಿನ ಮೈಸೂರು ರಾಜ್ಯಕ್ಕೆ, ಮೊದಲು ಬೆಂಗಳೂರಿಗೆ, ಅದು ಬಂದದ್ದು 1958ರಲ್ಲಿ. 1948ರ ಕಾಯಿದೆಯ 46ನೇ ಸೆಕ್ಷನ್ ಇಡೀ ಚರಿತ್ರೆಯ ಕೀಲಿಕೈಯಂತಿದೆ. ಅದರ ಮೊದಲ ಭಾಗ ಅನಾರೋಗ್ಯದ ಭತ್ಯೆ, ಹೆರಿಗೆ ಭತ್ಯೆ, ವೈದ್ಯಕೀಯ ಸೌಲಭ್ಯ ಮೊದಲಾದವನ್ನು ವಿಮಾದಾರನಿಗೆ ಸಲ್ಲಬೇಕಾದವೆಂದು ಹೇಳುತ್ತಿತ್ತು. ಎರಡನೆಯ ಭಾಗದಲ್ಲಿ ಮಾತ್ರ ಕುಟುಂಬದ ಚಿಕಿತ್ಸೆಯ ಪ್ರಸ್ತಾಪ ಬರುತ್ತಿತ್ತು: ಸರ್ಕಾರ ಕೋರಿದರೆ ಇಎಸ್‌ಐ ನಿಗಮ ವೈದ್ಯಕೀಯ ಸೌಲಭ್ಯವನ್ನು ಕುಟುಂಬಕ್ಕೂ ವಿಸ್ತರಿಸಬಹುದು, ಅದೂ ಷರತ್ತುಗಳಿಗೆ ಒಳಪಟ್ಟು. ಹೀಗಾಗಿ ಕುಟುಂಬದ ರಕ್ಷಣೆ ದೇಶದ ಎಲ್ಲೆಡೆ ಒಂದೇ ದಿನ ಜಾರಿಗೆ ಬರುವ ಅಗತ್ಯವೇ ಇರಲಿಲ್ಲ. ಇಎಸ್‌ಐ 1948ರಿಂದಲೇ ಕುಟುಂಬವನ್ನು ಒಳಗೊಂಡಿತ್ತು ಎಂದು ಬರೆಯುವವರು ಸರ್ಕಾರಕ್ಕೆ ಕೊಟ್ಟ ಅವಕಾಶವನ್ನು ಕುಟುಂಬಕ್ಕೆ ಸಿಕ್ಕ ಹಕ್ಕೆಂದು ಓದಿಕೊಂಡಿದ್ದಾರೆ.

ಇದಕ್ಕೆ ಒಂದು ಆಕ್ಷೇಪ ಉಂಟು. ಕಾಗದದಲ್ಲಿ ಏನೇ ಇರಲಿ, ವಾಸ್ತವದಲ್ಲಿ ಇಎಸ್‌ಐ ಕಾರ್ಡಿನಲ್ಲಿ ಹೆಂಡತಿ ಮಕ್ಕಳ ಹೆಸರಿರುತ್ತದೆ, ಬೆಂಗಳೂರಿನ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯಲ್ಲಿ ಅವರಿಗೂ ಚಿಕಿತ್ಸೆ ಸಿಗುತ್ತದೆ, ಹಾಗಿರುವಾಗ ಸೆಕ್ಷನ್ನಿನ ಮಾತೇಕೆ ಎಂದು ಕೇಳಬಹುದು. ಕೋಲಾರದ ಚಿನ್ನದ ಗಣಿ (ಕೆಜಿಎಫ್) ಇದಕ್ಕೆ ಉತ್ತರ ಕೊಡುತ್ತದೆ. ಗಣಿ ಕಾಯಿದೆಗೆ ಒಳಪಟ್ಟ ಗಣಿಗಳನ್ನು ಇಎಸ್‌ಐ ಕಾಯಿದೆ ಕಾರ್ಖಾನೆಯ ವ್ಯಾಖ್ಯೆಯಿಂದಲೇ ಹೊರಗಿಟ್ಟಿತ್ತು. ಕೆಜಿಎಫ್‌ನ ಕಾರ್ಮಿಕರೂ ಅವರ ಮನೆಯವರೂ ನೆಚ್ಚಿಕೊಂಡದ್ದು ಕಂಪನಿಯ ಆಸ್ಪತ್ರೆಯನ್ನು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದಾಗ ಆ ಆಸ್ಪತ್ರೆಯ ಬೆನ್ನಿಗಿದ್ದ ಸಂಸ್ಥೆಯೇ ಕೆಲಸ ನಿಲ್ಲಿಸಿತು. ಮಾಲೀಕ ಒಳ್ಳೆಯವನಾಗಿರುವಷ್ಟು ಕಾಲ ಹಕ್ಕಿಗೂ ಔದಾರ್ಯಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಮಾಲೀಕನೇ ಇಲ್ಲವಾದಾಗ ಅದು ನೂರಾರು ಮನೆಗಳ ಬಾಗಿಲಿಗೆ ಬರುತ್ತದೆ.

1986ರಲ್ಲಿ ಸರ್ಕಾರಿ ವಿಮಾ ಕಂಪನಿಗಳು ಮೆಡಿಕ್ಲೈಮ್ ತಂದದ್ದು, 1999ರ ಕಾಯಿದೆಯಿಂದ ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ಶಾಸನದ ಬಲ ಬಂದದ್ದು, 2001ರ ನಿಯಮಗಳಡಿ ವಿಮಾ ಕ್ಲೇಮುಗಳನ್ನು ನಿರ್ವಹಿಸುವ ಟಿಪಿಎ ಸಂಸ್ಥೆಗಳು ಹುಟ್ಟಿದ್ದು ಎಲ್ಲರಿಗೂ ತಿಳಿದ ಕತೆ. ಇಲ್ಲಿ ಗಮನಿಸಬೇಕಾದದ್ದು ಕಂಪನಿಗಳು ನೌಕರರಿಗಾಗಿ ಕೊಳ್ಳುವ ಗ್ರೂಪ್ ಪಾಲಿಸಿ. ಬೆಂಗಳೂರಿನ ಐಟಿ ವಲಯದಲ್ಲಿ ಇದು ನೇಮಕಾತಿಯ ಮಾಮೂಲು ಭಾಗವಾಯಿತು. ಇಎಸ್‌ಐಗಿಂತ ಇದೇ ಮೇಲು ಎನ್ನುವವರ ವಾದದಲ್ಲಿ ಹುರುಳಿದೆ: ಮೊದಲೇ ಇದ್ದ ಕಾಯಿಲೆಗೂ ಹೆರಿಗೆಗೂ ಕಾಯುವ ಅವಧಿಯಿಲ್ಲದೆ ರಕ್ಷಣೆ ಕೊಡುವ ಗ್ರೂಪ್ ಪಾಲಿಸಿಗಳು ಸಾಮಾನ್ಯ. ಇಎಸ್‌ಐ ಡಿಸ್ಪೆನ್ಸರಿಗಳ ಔಷಧಿ ಕೊರತೆ, ಸಾಲುಗಳ ಬಗ್ಗೆ ಇರುವ ದೂರುಗಳೂ ಸುಳ್ಳಲ್ಲ. ಆದರೆ ಗ್ರೂಪ್ ಪಾಲಿಸಿಯಲ್ಲಿ ಕುಟುಂಬ ಎಂದರೆ ಯಾರೆಂಬುದನ್ನು ನಿರ್ಧರಿಸುವುದು ಮಾಲೀಕನೂ ವಿಮಾ ಕಂಪನಿಯೂ ಮಾಡಿಕೊಂಡ ಒಪ್ಪಂದ. ತಂದೆತಾಯಿಯನ್ನು ಈ ವರ್ಷ ಸೇರಿಸಿ ಮುಂದಿನ ವರ್ಷ ಕೈಬಿಡಬಹುದು. ಕೆಲಸ ಹೋದರೆ ರಕ್ಷಣೆಯೂ ಹೋಗುತ್ತದೆ. ಇಎಸ್‌ಐಯಲ್ಲಿ ಕನಿಷ್ಠ 5 ವರ್ಷ ವಿಮಾದಾರನಾಗಿದ್ದು ನಿವೃತ್ತನಾದವನು ವರ್ಷಕ್ಕೆ 120 ರೂಪಾಯಿ ಕಟ್ಟಿ ತನಗೂ ತನ್ನ ಸಂಗಾತಿಗೂ ಚಿಕಿತ್ಸೆ ಪಡೆಯಬಹುದು. ಖಾಸಗಿ ಮಾರುಕಟ್ಟೆಯಲ್ಲಿ ಇದಕ್ಕೆ ಸಾಟಿಯಿಲ್ಲ. ಇಎಸ್‌ಐಯ ದೊಡ್ಡ ಕೊರತೆ ಬೇರೆಡೆ ಇದೆ. ಅದಕ್ಕೆ ಸೇರಲು ಇರುವ ತಿಂಗಳ ಸಂಬಳದ ಮಿತಿ 2017ರ ಜನವರಿಯಲ್ಲಿ 21,000 ರೂಪಾಯಿಗೆ ಏರಿತು. ಅದನ್ನು ಸ್ವಲ್ಪವೇ ದಾಟಿದವರು, ಮಾಲೀಕ ಪಾಲಿಸಿ ಕೊಡದಿದ್ದರೆ, ಎರಡೂ ಕಡೆಯಿಂದ ಹೊರಗುಳಿಯುತ್ತಾರೆ.

2020ರ ಏಪ್ರಿಲ್ 15ರಂದು ಕೇಂದ್ರ ಗೃಹ ಇಲಾಖೆ ಕೋವಿಡ್ ಮಾರ್ಗಸೂಚಿಯಲ್ಲಿ ಕೆಲಸಗಾರರಿಗೆ ವೈದ್ಯಕೀಯ ವಿಮೆ ಕಡ್ಡಾಯವೆಂದಿತು. ಅಂದಿನಿಂದ ದೇಶದಲ್ಲಿ ಎಲ್ಲ ಮಾಲೀಕರಿಗೂ ವಿಮೆ ಕಡ್ಡಾಯ ಎಂಬ ಮಾತು ಹರಡಿದೆ. ಆ ಆದೇಶ ಹೊರಟದ್ದು ವಿಪತ್ತು ನಿರ್ವಹಣಾ ಕಾಯಿದೆಯಡಿ, ಲಾಕ್‌ಡೌನಿನ ಸಂದರ್ಭಕ್ಕೆ. ಕೆಲಸಗಾರರನ್ನು ಹೆಸರಿಸಿದ ಆ ಸಾಲು ಕುಟುಂಬದ ಬಗ್ಗೆ ಏನೂ ಹೇಳಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಮತ್ತು ಫ್ಯಾಮಿಲಿ ಫ್ಲೋಟರ್ ಆರೋಗ್ಯ ಪಾಲಿಸಿಗಳ ಮೇಲಿನ ಶೇ. 18ರ ಜಿಎಸ್‌ಟಿ ಹೋಯಿತು. ಗ್ರೂಪ್ ಪಾಲಿಸಿಗಳ ಮೇಲೆ ಅದು ಉಳಿದುಕೊಂಡಿತು. ಅದೇ ವರ್ಷದ ನವೆಂಬರ್ 21ರಂದು ಇಎಸ್‌ಐ ಕಾಯಿದೆಯ ಜಾಗದಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಮಹಿಳಾ ನೌಕರರ ಅತ್ತೆಮಾವಂದಿರನ್ನೂ ಕುಟುಂಬದ ವ್ಯಾಖ್ಯೆಗೆ ಸೇರಿಸಿತು. ಗಂಡನ ಮನೆಯ ಹಿರಿಯರನ್ನು ಸಾಕುವ ಹೆಣ್ಣುಮಕ್ಕಳ ದುಡಿಮೆಯನ್ನು ಕಾನೂನು ತಡವಾಗಿಯಾದರೂ ಕಂಡಿತು.

ಕರ್ನಾಟಕದ ಸರ್ಕಾರಿ ನೌಕರರದು ಬೇರೆಯದೇ ದಾರಿ. 1963ರ ವೈದ್ಯಕೀಯ ಹಾಜರಾತಿ ನಿಯಮಗಳಡಿ ಅವರು ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ಲು ಸಲ್ಲಿಸಿ, ಮರುಪಾವತಿಗೆ ಕಾಯಬೇಕಿತ್ತು. 2014ರ ಜ್ಯೋತಿ ಸಂಜೀವಿನಿ ಹೃದ್ರೋಗ, ಕ್ಯಾನ್ಸರ್‌ನಂಥ ತೃತೀಯ ಹಂತದ ಚಿಕಿತ್ಸೆಗಳನ್ನು ಅವರಿಗೂ ಕುಟುಂಬಕ್ಕೂ ನಗದುರಹಿತಗೊಳಿಸಿತು. 2025ರ ಅಕ್ಟೋಬರ್ 1ರಿಂದ ಬಂದ ಕರ್ನಾಟಕ ಆರೋಗ್ಯ ಸಂಜೀವಿನಿ ಯೋಜನೆ ಸಾಮಾನ್ಯ ಚಿಕಿತ್ಸೆಗಳಿಗೂ ನಗದುರಹಿತ ಸೌಲಭ್ಯವನ್ನು ವಿಸ್ತರಿಸಿತು, ಜೊತೆಗೆ ತಿಂಗಳ ವಂತಿಗೆಯನ್ನೂ ತಂದಿತು: ‘ಎ’ ವೃಂದಕ್ಕೆ 1,000, ‘ಬಿ’ಗೆ 500, ‘ಸಿ’ಗೆ 350, ‘ಡಿ’ಗೆ 250 ರೂಪಾಯಿ. ಸರ್ಕಾರವೇ ಭರಿಸುತ್ತಿದ್ದ ಸೌಲಭ್ಯಕ್ಕೆ ಸಂಬಳದಲ್ಲಿ ಕಡಿತವೇಕೆ ಎಂಬ ಆಕ್ಷೇಪ ಸಹಜವಾದದ್ದೇ. ಆದರೆ ವಂತಿಗೆಗೆ ಕಾನೂನಿನಲ್ಲಿ ತೂಕವಿದೆ. ಹರಿಯಾಣದ ಇಎಸ್‌ಐ ಡಿಸ್ಪೆನ್ಸರಿಯೊಂದರಲ್ಲಿ ವಿಮಾದಾರನ ಹೆಂಡತಿಗೆ ಸಿಕ್ಕ ಚಿಕಿತ್ಸೆಯ ಲೋಪದ ಪ್ರಕರಣದಲ್ಲಿ, ವಂತಿಗೆ ಕಟ್ಟಿಸಿಕೊಂಡು ಕೊಟ್ಟ ಸೇವೆ ಉಚಿತ ಸೇವೆಯಲ್ಲ, ಆದ್ದರಿಂದ ಗ್ರಾಹಕ ವೇದಿಕೆ ದೂರನ್ನು ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ತೀರ್ಪಿತ್ತಿತು. ಕುಟುಂಬದ ಸದಸ್ಯೆಯೊಬ್ಬಳ ಚಿಕಿತ್ಸೆಯಿಂದ ಹುಟ್ಟಿದ ಈ ತೀರ್ಪು ಚರಿತ್ರೆಯ ಪಟ್ಟಿಗಳಲ್ಲಿ ಅಪರೂಪಕ್ಕೆ ಕಾಣುತ್ತದೆ. ಮೆಡಿಕ್ಲೈಮಿನ 1986ಕ್ಕಿಂತ ಕಡಿಮೆಯ ತಿರುವೇನೂ ಅದಲ್ಲ. ವಂತಿಗೆ ಕಟ್ಟತೊಡಗಿದ ರಾಜ್ಯದ ನೌಕರರ ಮನೆಯವರು ಆಸ್ಪತ್ರೆಯ ನಿರಾಕರಣೆಯನ್ನು ಪ್ರಶ್ನಿಸುವಾಗ ಆಧಾರವಾಗಿ ಹಿಡಿಯಬಹುದಾದದ್ದು ಆ ತರ್ಕವನ್ನೇ.