ಕ್ರಯಪತ್ರದ ಹೆಬ್ಬೆಟ್ಟು, ಬ್ಯಾಂಕಿನ ಖಾತೆ

ಈಗ ಬೆಂಗಳೂರಿನೊಳಗಿರುವ ತಲಘಟ್ಟಪುರ ಉತ್ತರಹಳ್ಳಿ ಹೋಬಳಿಯ ಒಂದು ಹಳ್ಳಿಯಾಗಿದ್ದ ಕಾಲದಲ್ಲಿ ಆಸ್ತಿಯ ಗುರುತೇ ಬೇರೆ, ಹಣದ ಗುರುತೇ ಬೇರೆ. ಜಮೀನು ಮಾರುವವರು ಸಬ್‌ರಿಜಿಸ್ಟ್ರಾರ್ ಮುಂದೆ ಹೆಬ್ಬೆಟ್ಟು ಒತ್ತುತ್ತಿದ್ದರು. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹಳೆಯ ಖಾತೆದಾರರೊಬ್ಬರು ಪರಿಚಯ ಹೇಳಿ ಸಹಿ ಹಾಕಬೇಕಿತ್ತು. ಹಣ ಕೊಡುವ ಮುನ್ನ ಗುಮಾಸ್ತರು ಚೀಟಿಯ ಸಹಿಯನ್ನು ಮಾದರಿ ಸಹಿಯ ಜೊತೆ ಹೋಲಿಸಿ, ಪಾಸ್‌ಬುಕ್ ತಿರುವಿ, ಎದುರಿಗೆ ನಿಂತವರ ಮುಖ ನೋಡುತ್ತಿದ್ದರು. ಸಹಿ ಬಾರದವರು ಹಣಕ್ಕೆ ತಾವೇ ಬರಬೇಕಿತ್ತು. ನಿಧಾನದ ಕ್ರಮ ಅದು. ಆದರೆ ಕ್ರಯಪತ್ರದ ಹೆಬ್ಬೆಟ್ಟನ್ನು ಯಾರು ಕಂಡರೂ ಅದರ ಬಲದಿಂದ ಬ್ಯಾಂಕಿನ ಹಣ ಮುಟ್ಟುವಂತಿರಲಿಲ್ಲ.

ಕ್ರಯಪತ್ರವನ್ನು ಯಾರು ಬೇಕಾದರೂ ನೋಡಬಹುದೆಂಬುದು ಕಾನೂನಿನ ಲೋಪವಲ್ಲ, ಅದರ ಉದ್ದೇಶವೇ ಅದು. ಒಂದೇ ಜಮೀನನ್ನು ಇಬ್ಬರಿಗೆ ಮಾರುವ ಮೋಸ ತಡೆಯಲೆಂದು 1908ರ ನೋಂದಣಿ ಕಾಯ್ದೆಯು ಸ್ಥಿರಾಸ್ತಿಯ ದಾಖಲೆಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಶುಲ್ಕ ಕಟ್ಟಿದವರಿಗೆ ದೃಢೀಕೃತ ಪ್ರತಿ ಸಿಗುತ್ತದೆ. 2001ರ ತಿದ್ದುಪಡಿ ಆ ಕಾಯ್ದೆಗೆ 32ಎ ಕಲಮನ್ನು ಸೇರಿಸಿ, ಪತ್ರದ ಮೇಲೆ ಫೋಟೊ ಮತ್ತು ಬೆರಳಚ್ಚನ್ನು ಕಡ್ಡಾಯ ಮಾಡಿತು. ಬೇರೆಯವರ ಹೆಸರಿನಲ್ಲಿ ನಿಂತು ಆಸ್ತಿ ಮಾರುವವರನ್ನು ಹಿಡಿಯಲು ಅದು ಒಳ್ಳೆಯ ಉಪಾಯವೇ ಆಗಿತ್ತು. ಮುಂದೆ ಆಧಾರ್ ಸಂಖ್ಯೆಯೂ ಎಷ್ಟೋ ಪತ್ರಗಳೊಳಗೆ ಬಂತು. ಅದೇ ವರ್ಷಗಳಲ್ಲಿ ಕನಕಪುರ ರಸ್ತೆಯ ಎರಡೂ ಬದಿಯ ಹೊಲಗಳು ಬಡಾವಣೆಗಳಾದವು, ಬನಶಂಕರಿ 6ನೇ ಹಂತ ಎದ್ದಿತು, 2021ರ ಜನವರಿಯಲ್ಲಿ ತಲಘಟ್ಟಪುರಕ್ಕೆ ಮೆಟ್ರೊ ಬಂತು. ಒಂದೊಂದು ನಿವೇಶನ, ಒಂದೊಂದು ಫ್ಲ್ಯಾಟ್ ಕೈ ಬದಲಾದಾಗಲೂ ಹೆಸರು, ವಿಳಾಸ, ಬೆರಳಚ್ಚು ಒಂದೇ ಕಡೆ ಇರುವ ದಾಖಲೆಯೊಂದು ಸರ್ಕಾರದ ಕಡತ ಸೇರಿತು.

ಬ್ಯಾಂಕುಗಳು ಅಷ್ಟರಲ್ಲಿ ಮುಖ ನೋಡುವುದನ್ನು ಬಿಟ್ಟಿದ್ದವು. ಎಟಿಎಂ ಕಾರ್ಡಿಗೆ ನಾಲ್ಕಂಕಿಯ ಪಿನ್ ಬಂತು. ಆನ್‌ಲೈನ್ ಕಾರ್ಡ್ ಪಾವತಿಗೆ ಕಾರ್ಡಿನ ಮೇಲೆ ಕಾಣದ ಇನ್ನೊಂದು ಗುರುತು ಬೇಕೆಂದು ರಿಸರ್ವ್ ಬ್ಯಾಂಕ್ 2009ರ ಆಗಸ್ಟ್ 1ರಿಂದ ಕಡ್ಡಾಯ ಮಾಡಿತು. ಅದು ಕ್ರಮೇಣ ಒಟಿಪಿಯ ರೂಪಕ್ಕೆ ಬಂತು. 2016ರಲ್ಲಿ ಯುಪಿಐ ಶುರುವಾಯಿತು. ಆ ನವೆಂಬರ್‌ನ ನೋಟು ರದ್ದತಿಯ ನಂತರ ತರಕಾರಿ ಗಾಡಿಗಳ ಮೇಲೂ ಕ್ಯೂಆರ್ ಕೋಡ್ ಕಾಣಿಸಿಕೊಂಡಿತು. ವಂಚಕರು ಈ ಬೀಗಗಳನ್ನು ಒಡೆಯಲು ಹೋಗಲಿಲ್ಲ. ಫೋನ್ ಮಾಡಿ, ಕೆವೈಸಿ ಅವಧಿ ಮುಗಿದಿದೆ, ಖಾತೆ ಬ್ಲಾಕ್ ಆಗುತ್ತದೆ ಎಂದು ಹೆದರಿಸಿ, ಒಟಿಪಿಯನ್ನು ಖಾತೆದಾರರ ಬಾಯಿಂದಲೇ ಹೇಳಿಸಿಕೊಂಡರು. ಹಳೆಯ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ ಕ್ಯೂಆರ್ ಕೋಡ್ ಕಳುಹಿಸಿ, ಹಣ ಬರಬೇಕಾದರೆ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರು. ಯುಪಿಐ ಪಿನ್ ಹಣ ಕೊಡುವುದಕ್ಕೆ, ಪಡೆಯುವುದಕ್ಕೆ ಅದು ಬೇಕಿಲ್ಲ. ಈ ಸಣ್ಣ ವಿಷಯ ತಿಳಿಯದೆ ಓದಿದವರೂ ಹಣ ಕಳೆದುಕೊಂಡರು.

2023ರಲ್ಲಿ ನಡೆದದ್ದು ಇದಕ್ಕಿಂತ ಗಂಭೀರ, ಏಕೆಂದರೆ ಅಲ್ಲಿ ಹಣ ಕಳೆದುಕೊಂಡವರು ಯಾರಿಗೂ ಏನನ್ನೂ ಹೇಳಿರಲಿಲ್ಲ. ಬ್ಯಾಂಕ್ ಶಾಖೆಯಿಲ್ಲದ ಹಳ್ಳಿಗಳಿಗಾಗಿ ರೂಪಿಸಿದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆ, ಅಂದರೆ ಎಇಪಿಎಸ್‌ನಲ್ಲಿ ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಸಾಕು. ಒಟಿಪಿ ಇಲ್ಲ, ಪಿನ್ ಇಲ್ಲ. ಒಂದು ಸಲಕ್ಕೆ 10,000 ರೂಪಾಯಿವರೆಗೆ ತೆಗೆಯಬಹುದು. ಆ ವರ್ಷ ಬೆಂಗಳೂರು, ಮಂಗಳೂರುಗಳಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಖಾತೆಯಿಂದ ಹೀಗೆ ಹಣ ಹೋಯಿತು. ನೋಂದಾಯಿತ ಪತ್ರಗಳ ಪ್ರತಿಯಿಂದ ಬೆರಳಚ್ಚನ್ನು ತೆಗೆದು ಅದರ ನಕಲು ಮಾಡಲಾಗಿತ್ತೆಂದು ತನಿಖೆಯಲ್ಲಿ ಗೊತ್ತಾಯಿತು. ನೋಂದಣಿ ಇಲಾಖೆ ತನ್ನ ಕಾವೇರಿ 2.0 ತಂತ್ರಾಂಶದಲ್ಲಿ ಸಿಗುವ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಕ್ರಮ ಕೈಗೊಂಡಿತು. ಪಿನ್ ಸೋರಿದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಸಾರ್ವಜನಿಕ ದಾಖಲೆಯಲ್ಲಿರುವ ಗುರುತನ್ನೇ ಹಣದ ಬೀಗದ ಕೈಯಾಗಿ ಒಪ್ಪಿಕೊಂಡದ್ದು ವ್ಯವಸ್ಥೆಯ ತಪ್ಪು. ಹಣ ಕಳೆದುಕೊಂಡವರ ಅಜಾಗ್ರತೆಯಲ್ಲ.

ಪರಿಹಾರದ ದಾರಿಗಳೂ ಈ ಕಾಲದಲ್ಲೇ ಬೆಳೆದವು. ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಮುಂದೆ ನಗರದ ಪೊಲೀಸ್ ವಿಭಾಗಗಳಿಗೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳು ಬಂದವು. ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಪ್ರಕಾರ, ತಪ್ಪು ಬ್ಯಾಂಕಿನದೂ ಗ್ರಾಹಕರದೂ ಅಲ್ಲದಿದ್ದಾಗ, ಬ್ಯಾಂಕಿನಿಂದ ಸೂಚನೆ ಬಂದ ಮೂರು ಕೆಲಸದ ದಿನಗಳೊಳಗೆ ದೂರು ಕೊಟ್ಟರೆ ನಷ್ಟ ಗ್ರಾಹಕರ ಮೇಲೆ ಬೀಳದು. ಗ್ರಾಹಕರೇ ಪಿನ್ ಅಥವಾ ಒಟಿಪಿ ಕೊಟ್ಟಿದ್ದರೆ ದೂರು ಕೊಡುವವರೆಗಿನ ನಷ್ಟ ಅವರದು, ಆಮೇಲಿನದು ಬ್ಯಾಂಕಿನದು. 2021ರಲ್ಲಿ 155260 ಎಂದು ಆರಂಭವಾದ ಸೈಬರ್ ವಂಚನೆ ಸಹಾಯವಾಣಿ ಮರುವರ್ಷ 1930 ಆಯಿತು. ವಂಚಕರು ಹಣವನ್ನು ಖಾತೆಯಿಂದ ಖಾತೆಗೆ ಬೇಗಬೇಗ ದಾಟಿಸುತ್ತಾರೆ. ಬೇಗ ಕರೆ ಬಂದರೆ ನಡುವೆ ಎಲ್ಲಾದರೂ ಅದನ್ನು ತಡೆಹಿಡಿಯಲು ಅವಕಾಶವಿರುತ್ತದೆ.

ಹಳೆಯ ಪತ್ರಗಳ ಪ್ರತಿಗಳು ಈಗಾಗಲೇ ಎಷ್ಟು ಕೈ ದಾಟಿವೆಯೋ ಹೇಳಲಾಗದು. ಆದ್ದರಿಂದ ಮನೆ, ನಿವೇಶನ ನೋಂದಣಿ ಮಾಡಿಸಿದ ಪ್ರತಿಯೊಬ್ಬರೂ ಎಂಆಧಾರ್ ಆ್ಯಪ್‌ನಲ್ಲಿ ತಮ್ಮ ಬಯೋಮೆಟ್ರಿಕ್ ಲಾಕ್ ಮಾಡಿಕೊಳ್ಳಬೇಕು. ಬೇಕಾದಾಗ ಅದನ್ನು ತಾತ್ಕಾಲಿಕವಾಗಿ ತೆರೆಯಬಹುದು. ಮನೆಯ ಹಿರಿಯರಿಗೆ ಆ್ಯಪ್ ಬಳಸಲು ಬಾರದಿದ್ದರೆ ಮಕ್ಕಳು, ಮೊಮ್ಮಕ್ಕಳು ಪಕ್ಕದಲ್ಲಿ ಕೂತು ಇಂದೇ ಆ ಕೆಲಸ ಮಾಡಿಕೊಡಲಿ.